ಕಾಫಿಯೆಂಬ ಸಾಹುಕಾರ: ಬಾಲ್ಜಾಕನ ರಾತ್ರಿಗಳ ಲೆಕ್ಕ

ಕಾಫಿಯನ್ನು ಕುಡಿಯುವವರಿದ್ದಾರೆ, ಕಾಫಿಯ ಬಗ್ಗೆ ಮಾತನಾಡುವವರೂ ಇದ್ದಾರೆ. ಬೀಜ ಯಾವ ಸೀಮೆಯದು, ಹುರಿದ ಹದ ಎಂಥದು, ಪುಡಿ ಎಷ್ಟು ನುಣುಪು, ನೀರು ಎಷ್ಟು ಬಿಸಿ, ಚಿಕೋರಿ ಬೆರೆತಿದೆಯೇ ಇಲ್ಲವೇ ಎಂಬ ಪ್ರಶ್ನೆಗಳಿಗೆ ಬರುವ ಉತ್ತರದಿಂದಲೇ ಎದುರಿಗಿರುವವನ ಸಂಸ್ಕಾರವನ್ನು ಅಳೆದುಬಿಡುವವರು ಎರಡನೆಯ ವರ್ಗದವರು. ಈ ವರ್ಗಕ್ಕೊಬ್ಬ ಮೂಲಪುರುಷನನ್ನು ಅರಸುವುದಾದರೆ 19ನೇ ಶತಮಾನದ ಪ್ಯಾರಿಸ್ ನಗರಕ್ಕೆ ಹೋಗಬೇಕು. ಅವನ ಹೆಸರು ಹೊನೊರೆ ದ ಬಾಲ್ಜಾಕ್. ಜಗತ್ತಿನ ದೊಡ್ಡ ಕಾದಂಬರಿಕಾರರಲ್ಲಿ ಒಬ್ಬ; ಕಾಫಿಯ ವಿಷಯದಲ್ಲಂತೂ ಯಾರ ಮಾತನ್ನೂ ಒಪ್ಪದ ಹಟವಾದಿ.

ಬಾಲ್ಜಾಕನ ಗೆಳೆಯನೂ ಲೇಖಕನೂ ಆಗಿದ್ದ ಲೆಯೋನ್ ಗೊಜ್ಲಾನ್ ಅವನ ಕಾಫಿ ಖರೀದಿಯ ವಿವರವನ್ನು ತನ್ನ ನೆನಪುಗಳಲ್ಲಿ ದಾಖಲಿಸಿದ್ದಾನೆ. ಬಾಲ್ಜಾಕನ ಕಾಫಿ ಮೂರು ಬಗೆಯ ಬೀಜಗಳ ಮಿಶ್ರಣ: ಬೂರ್ಬೋನ್, ಮಾರ್ಟಿನೀಕ್ ಮತ್ತು ಮೋಕಾ. ಮೂರೂ ಒಂದೇ ಅಂಗಡಿಯಲ್ಲಿ ಸಿಗುತ್ತಿದ್ದರೂ ಅವನಿಗೆ ಅದು ಸಮ್ಮತವಲ್ಲ. ಬೂರ್ಬೋನಿಗೆ ಮೋಂ ಬ್ಲಾಂ ಬೀದಿ. ಮಾರ್ಟಿನೀಕಿಗೆ ವಿಯೇಯ್ ಓದ್ರಿಯೆತ್ ಬೀದಿಯ ಒಬ್ಬ ದಿನಸಿ ವ್ಯಾಪಾರಿ. ಮೋಕಾ ಬೇಕೆಂದರೆ ನದಿ ದಾಟಿ ಸೇಂ ಜರ್ಮೇನ್ ಬಡಾವಣೆಯ ಯೂನಿವರ್ಸಿಟೆ ಬೀದಿ. ಪ್ಯಾರಿಸ್ಸಿನ ಮೂರು ಮೂಲೆಗಳನ್ನು ಸುತ್ತುವ ಈ ಯಾತ್ರೆಗೆ ಅರ್ಧ ದಿನ ಹಿಡಿಯುತ್ತಿತ್ತು. ನಿಮಿಷಗಳನ್ನು ಕಾಸಿನಂತೆ ಎಣಿಸಬೇಕಾಗಿದ್ದ ಮನುಷ್ಯ ಕಾಫಿಗಾಗಿ ಮಾತ್ರ ಅರ್ಧ ದಿನವನ್ನು ಧಾರಾಳವಾಗಿ ಕೊಡುತ್ತಿದ್ದ. ಇದನ್ನು ಶೋಕಿ ಎಂದು ನಕ್ಕುಬಿಡುವುದು ಸುಲಭ. ಆದರೆ ಅವನ ಬದುಕಿನ ಲೆಕ್ಕಪುಸ್ತಕವನ್ನು ತೆರೆದು ನೋಡಿದವರಿಗೆ ಆ ನಗು ಬಹಳ ಹೊತ್ತು ನಿಲ್ಲುವುದಿಲ್ಲ.

ಬಾಲ್ಯದ ಬಡ್ಡಿ

ಬಾಲ್ಜಾಕ್ ಹುಟ್ಟಿದ್ದು 1799ರ ಮೇ 20ರಂದು, ಫ್ರಾನ್ಸಿನ ತೂರ್ ಪಟ್ಟಣದಲ್ಲಿ. ತಂದೆ ರೈತಾಪಿ ಮನೆತನದಿಂದ ಮೇಲೇರಿ ಸರ್ಕಾರಿ ಹುದ್ದೆ ಹಿಡಿದವನು. ತಾಯಿ ಪ್ಯಾರಿಸ್ಸಿನ ವ್ಯಾಪಾರಿ ಕುಟುಂಬದವಳು, ಗಂಡನಿಗಿಂತ ಬಹಳ ಕಿರಿಯಳು. ಕೂಸನ್ನು ಹುಟ್ಟಿದ ಕೂಡಲೇ ಹಾಲೂಡುವ ದಾದಿಯ ಮನೆಗೆ ಕಳುಹಿಸಲಾಯಿತು. ಎಂಟು ವರ್ಷ ತುಂಬಿದಾಗ ವಾಂದೋಮಿನ ವಸತಿ ಶಾಲೆ. 1807ರಿಂದ 1813ರವರೆಗೆ ಅಲ್ಲಿದ್ದ ಹುಡುಗನನ್ನು ನೋಡಲು ತಾಯಿ ಬಂದದ್ದು ತೀರ ವಿರಳ. ಕೈಖರ್ಚಿಗೆ ಹಣವಿಲ್ಲದ, ಮನೆಯ ಬಿಸಿ ಸೋಂಕದ ಆ ವರ್ಷಗಳ ನೋವು ಅವನ ಬರವಣಿಗೆಯಲ್ಲಿ ಕೊನೆಯವರೆಗೂ ಮರುದನಿಸಿತು.

ಮುಂದೆ ಅವನು ಬರೆದ ‘ಕಣಿವೆಯ ಲಿಲ್ಲಿ’ ಕಾದಂಬರಿಯ ನಾಯಕ ಫೆಲಿಕ್ಸ್ ಕೂಡ ಅಂಥದೇ ಅನಾದರದ ಹುಡುಗ. ಪ್ಯಾರಿಸ್ಸಿನ ವಸತಿ ಶಾಲೆಯಲ್ಲಿ ಓದುವ ಫೆಲಿಕ್ಸನಿಗೆ ಬೆಳಗಿನ ಹಾಲು ಬೆರೆಸಿದ ಕಾಫಿಯ ಆಸೆ. ಅದನ್ನು ಗುಟ್ಟಾಗಿ ಮಾರುವವನು ಶಾಲೆಯ ದ್ವಾರಪಾಲಕ. ನೆಪೋಲಿಯನ್ನನ ಕಾಲದಲ್ಲಿ ಯುದ್ಧ ಮತ್ತು ಬಂದರು ದಿಗ್ಬಂಧನಗಳಿಂದ ವಸಾಹತುಗಳ ಸರಕಿನ ಬೆಲೆ ಆಕಾಶಕ್ಕೇರಿದ್ದರಿಂದ ಕಾಫಿ, ಸಕ್ಕರೆ ಎರಡೂ ಸಿರಿವಂತಿಕೆಯ ಗುರುತುಗಳಾಗಿದ್ದವು. ಸಹಪಾಠಿಗಳ ಸರಿಸಮ ನಿಲ್ಲಲು ಹುಡುಗ ಸಾಲದ ಮೇಲೆ ಕಾಫಿ ಕುಡಿಯುತ್ತಾನೆ; ಸಾಲ ನೂರು ಫ್ರಾಂಕಿಗೆ ಮುಟ್ಟುತ್ತದೆ; ವಿಷಯ ಮನೆಯವರಿಗೆ ತಿಳಿದು ಅವಮಾನವಾಗುತ್ತದೆ. ಕಾದಂಬರಿಯ ಪ್ರತಿಯೊಂದು ಘಟನೆಯೂ ಲೇಖಕನ ಬದುಕಿನದೆಂದು ಹೇಳಲಾಗದು. ಆದರೆ ಕಾಫಿ ಮತ್ತು ಸಾಲ ಬಾಲ್ಜಾಕನ ಕಲ್ಪನೆಯಲ್ಲಿ ಅವಳಿಗಳಂತೆ ಒಟ್ಟಿಗೆ ಹುಟ್ಟಿದವು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಅಟ್ಟದ ಕೋಣೆಯಿಂದ ಅಚ್ಚುಕೂಟಕ್ಕೆ

1814ರಲ್ಲಿ ಕುಟುಂಬ ಪ್ಯಾರಿಸ್ಸಿಗೆ ಬಂತು. ತರುಣ ಬಾಲ್ಜಾಕ್ ಕಾನೂನು ಓದಿದ, ವಕೀಲರ ಕಚೇರಿಯಲ್ಲಿ ಗುಮಾಸ್ತನಾಗಿ ಕುಳಿತ. ಮನುಷ್ಯರ ಆಸ್ತಿ, ಉಯಿಲು, ವರದಕ್ಷಿಣೆ, ದಿವಾಳಿಗಳ ಒಳಗುಟ್ಟುಗಳನ್ನು ಅವನು ಕಲಿತದ್ದು ಅಲ್ಲಿಯೇ. ಆದರೆ 1819ರಲ್ಲಿ ವಕೀಲಿ ಬೇಡ, ಲೇಖಕನಾಗುತ್ತೇನೆ ಎಂದು ಹಟ ಹಿಡಿದ. ತಂದೆತಾಯಿಗಳು ಅಳೆದು ಕೊಟ್ಟ ಅಲ್ಪ ಹಣದಲ್ಲಿ ಲೆದಿಗಿಯೇರ್ ಬೀದಿಯ ಅಟ್ಟದ ಕೋಣೆಯಲ್ಲಿ ಕುಳಿತು ‘ಕ್ರಾಮ್‌ವೆಲ್’ ಎಂಬ ಪದ್ಯನಾಟಕ ಬರೆದ. ಅದನ್ನು ಓದಿದ ಯಾರೂ ಮೆಚ್ಚಲಿಲ್ಲ. ಅದೇ 1819ರಲ್ಲಿ ಜರ್ಮನಿಯಲ್ಲಿ ರುಂಗೆ ಎಂಬ ರಸಾಯನ ವಿಜ್ಞಾನಿ ಕಾಫಿ ಬೀಜದಿಂದ ಕೆಫೀನನ್ನು ಬೇರ್ಪಡಿಸಿದ. ಆ ವಸ್ತು ಮುಂದೆ ತನ್ನ ಬದುಕನ್ನು ಹೇಗೆ ಆಳಲಿದೆ ಎಂಬ ಸುಳಿವು ಅಟ್ಟದ ಮೇಲಿನ ಹುಡುಗನಿಗೆ ಇರಲು ಸಾಧ್ಯವಿರಲಿಲ್ಲ.

ಹೊಟ್ಟೆಪಾಡಿಗಾಗಿ ಅವನು ಕೆಲ ವರ್ಷ ಬೇರೆ ಬೇರೆ ಹೆಸರುಗಳಲ್ಲಿ ಅಗ್ಗದ ಕಾದಂಬರಿಗಳನ್ನು ಬರೆದ. 1825ರಲ್ಲಿ ವ್ಯಾಪಾರಕ್ಕೆ ಇಳಿದ. ಮೊದಲು ಪುಸ್ತಕ ಪ್ರಕಾಶನ, ಬಳಿಕ ಮುದ್ರಣಾಲಯ, ಆಮೇಲೆ ಅಚ್ಚುಮೊಳೆ ಎರಕದ ಕಾರ್ಖಾನೆ. 1828ರ ಹೊತ್ತಿಗೆ ಮೂರೂ ಮುಳುಗಿದವು. ತಲೆಯ ಮೇಲೆ ಉಳಿದದ್ದು ಸುಮಾರು 60,000 ಫ್ರಾಂಕುಗಳ ಸಾಲ. ಅದರ ದೊಡ್ಡ ಪಾಲು ತಾಯಿಗೇ ಸಲ್ಲಬೇಕಾದದ್ದು. ಆಗ ಅವನಿಗೆ ಇನ್ನೂ 30 ವರ್ಷ ತುಂಬಿರಲಿಲ್ಲ. ಕೈಯಲ್ಲಿ ಉಳಿದಿದ್ದ ಏಕೈಕ ಬಂಡವಾಳ ಹಕ್ಕಿಗರಿಯ ಲೇಖನಿ. ಆ ಲೇಖನಿ ಓಡಬೇಕಾದರೆ ನಿದ್ದೆ ದೂರವಿರಬೇಕು. ನಿದ್ದೆಯನ್ನು ದೂರವಿಡಲು ಕಾಫಿ ಬೇಕು. ಅವನ ಮುಂದಿನ 20 ವರ್ಷಗಳ ಅರ್ಥಶಾಸ್ತ್ರ ಇಷ್ಟೇ.

1829ರಲ್ಲಿ ಸ್ವಂತ ಹೆಸರಿನಲ್ಲಿ ‘ಶುವಾನರು’ ಕಾದಂಬರಿ ಬಂತು. 1831ರಲ್ಲಿ ಬಂದ ‘ಮಾಯಾ ಚರ್ಮ’ ಅವನನ್ನು ಪ್ರಸಿದ್ಧನನ್ನಾಗಿಸಿತು. ಆ ಕಥೆಯ ನಾಯಕನಿಗೆ ಬಯಸಿದ್ದನ್ನೆಲ್ಲ ಈಡೇರಿಸುವ ಒಂದು ಚರ್ಮದ ತುಂಡು ಸಿಗುತ್ತದೆ. ಆದರೆ ಪ್ರತಿ ಬಯಕೆಗೂ ಚರ್ಮ ಕುಗ್ಗುತ್ತದೆ, ಅದರೊಡನೆ ಆಯುಷ್ಯವೂ ಕುಗ್ಗುತ್ತದೆ. ಬಾಲ್ಜಾಕ್ ತನ್ನ ಜಾತಕವನ್ನೇ ಬರೆದಿಟ್ಟಂತಿತ್ತು.

ಮಧ್ಯರಾತ್ರಿಯ ಕಾರ್ಖಾನೆ

ಅವನ ದಿನಚರಿ ಲೋಕಕ್ಕೆ ತಿರುವುಮುರುವು. ಸಂಜೆ ಆರರ ಸುಮಾರಿಗೆ ಊಟ ಮುಗಿಸಿ ಮಲಗುವುದು. ಊರೆಲ್ಲ ನಿದ್ದೆಗೆ ಜಾರುವ ಮಧ್ಯರಾತ್ರಿಗೆ ಏಳುವುದು. ಸನ್ಯಾಸಿಗಳು ಧರಿಸುವಂಥ ಬಿಳಿಯ ನಿಲುವಂಗಿ ತೊಟ್ಟು, ಕಿಟಕಿಯ ಪರದೆಗಳನ್ನು ಎಳೆದು, ಮೇಣದ ಬತ್ತಿಗಳ ಬೆಳಕಿನಲ್ಲಿ ಬರೆಯಲು ಕೂರುವುದು. ಬೆಳಿಗ್ಗೆ ಎಂಟರವರೆಗೆ ಒಂದೇ ಸಮನೆ ಕೆಲಸ. ಅಲ್ಪ ವಿರಾಮ, ಮತ್ತೆ ಮಧ್ಯಾಹ್ನದ ತನಕ ಕರಡಚ್ಚುಗಳ ತಿದ್ದುಪಡಿ. ಕೈ ಸೋತಾಗ, ಕಣ್ಣು ಮುಚ್ಚಿಬರುವಾಗ ಕಾಫಿ. ಹೊರಗೆ ಹಗಲೇ ಇದ್ದರೂ ಒಳಗೆ ಅವನಿಗೆ ಬೇಕಾದಷ್ಟು ಹೊತ್ತು ರಾತ್ರಿ.

ಕರಡು ತಿದ್ದುವುದೆಂದರೆ ಅವನಿಗೆ ಕಾಗುಣಿತ ಸರಿಪಡಿಸುವುದಲ್ಲ, ಕಾದಂಬರಿಯನ್ನು ಮತ್ತೊಮ್ಮೆ ಬರೆಯುವುದು. ಅಂಚಿನಲ್ಲೆಲ್ಲ ಹೊಸ ವಾಕ್ಯಗಳು, ಗೆರೆಗಳು, ಬಾಣಗಳು. ಒಂದೇ ಪುಟ ಹತ್ತು ಹನ್ನೆರಡು ಬಾರಿ ಮುದ್ರಣಾಲಯಕ್ಕೂ ಮನೆಗೂ ಓಡಾಡಿದ ಉದಾಹರಣೆಗಳಿವೆ. ಅವನ ಹಸ್ತಪ್ರತಿ ಬಂದರೆ ಮೊಳೆ ಜೋಡಿಸುವವರು ಗಂಟೆಗೊಬ್ಬರಂತೆ ಸರದಿ ಹಂಚಿಕೊಳ್ಳುತ್ತಿದ್ದರಂತೆ. ಈ ಮರುಜೋಡಣೆಯ ಖರ್ಚು ಅವನ ಗಳಿಕೆಯಿಂದಲೇ ಕಳೆದುಹೋಗುತ್ತಿತ್ತು. ಸಾಲ ತೀರಿಸಲೆಂದು ಬರೆದ, ಚೆನ್ನಾಗಿ ಬರೆಯಲೆಂದು ಮತ್ತೆ ಸಾಲ ಮಾಡಿದ. ಹಣದ ಆತುರ ಎಷ್ಟೇ ಇದ್ದರೂ ಬರಹದ ಗುಣದಲ್ಲಿ ರಾಜಿಯಾಗದ ಈ ಹಟವೇ ಮೂರು ಅಂಗಡಿಗಳ ಕಾಫಿ ಯಾತ್ರೆಯಲ್ಲೂ ಕಾಣುತ್ತದೆ.

ದಿನಕ್ಕೆ 50 ಕಪ್ ಕಾಫಿ ಕುಡಿಯುತ್ತಿದ್ದನೆಂಬ ಮಾತು ಅವನ ಹೆಸರಿಗೆ ಅಂಟಿಕೊಂಡಿದೆ. ಪಕ್ಕದಲ್ಲಿ ಕುಳಿತು ಎಣಿಸಿದವರು ಯಾರೂ ಇಲ್ಲ. ಕಪ್ಪುಗಳ ಸಂಖ್ಯೆ ದಂತಕಥೆಯ ಪಾಲಿಗಿರಲಿ. ಕಾಫಿಯ ಬಗ್ಗೆ ಅವನು ಸ್ವತಃ ಬರೆದಿಟ್ಟದ್ದೇ ಸಾಕಷ್ಟು ವಿಸ್ಮಯಕರವಾಗಿದೆ.

ಕಾಫಿಯ ಶಾಸ್ತ್ರ

1839ರಲ್ಲಿ ಬ್ರಿಯಾ-ಸವಾರೆಂ ಎಂಬ ಭೋಜನ ರಸಿಕನ ‘ರುಚಿಯ ಶರೀರಶಾಸ್ತ್ರ’ ಗ್ರಂಥದ ಹೊಸ ಮುದ್ರಣ ಹೊರಬಂದಾಗ ಅದರ ಅನುಬಂಧವಾಗಿ ಬಾಲ್ಜಾಕನ ಒಂದು ಪ್ರಬಂಧ ಪ್ರಕಟವಾಯಿತು. ಹೆಸರು ‘ಆಧುನಿಕ ಉತ್ತೇಜಕಗಳ ಕುರಿತ ಪ್ರಬಂಧ’. ಮದ್ಯ, ಸಕ್ಕರೆ, ಚಹಾ, ಕಾಫಿ, ಹೊಗೆಸೊಪ್ಪು ಎಂಬ ಐದು ವಸ್ತುಗಳು ಯುರೋಪಿನ ಸಮಾಜವನ್ನು ಹೇಗೆ ಬದಲಿಸಿವೆ ಎಂಬುದು ಅದರ ವಿಷಯ. ಕಾಫಿಯ ಭಾಗಕ್ಕೆ ಬಂದಾಗ ಲೇಖಕನ ದನಿಯೇ ಬದಲಾಗುತ್ತದೆ. ಅಲ್ಲಿ ಮಾತನಾಡುವವನು ಅನುಭವಿ, ಪಂಡಿತ, ಜೊತೆಗೆ ತುಸು ಜಂಬಗಾರ.

ಕಾಫಿ ಬೀಜವನ್ನು ಯಂತ್ರದಲ್ಲಿ ಬೀಸಬಾರದು, ತುರ್ಕಿಯವರಂತೆ ಕುಟ್ಟಬೇಕು ಎಂಬುದು ಅವನ ಮೊದಲ ಸೂತ್ರ. ಕುಟ್ಟಿದಾಗ ಪರಿಮಳ ಮಾತ್ರ ಹೊರಡುತ್ತದೆ, ಬೀಸಿದಾಗ ಒಗರೂ ಬಿಟ್ಟುಕೊಳ್ಳುತ್ತದೆ ಎಂಬುದು ಅದಕ್ಕೆ ಅವನು ಕೊಡುವ ಕಾರಣ. ಕುದಿಯುವ ನೀರಿನಲ್ಲಿ ಪುಡಿಯನ್ನು ಬಹಳ ಹೊತ್ತು ಬಿಡುವುದು ಅವನ ಪಾಲಿಗೆ ಧರ್ಮದ್ರೋಹಕ್ಕೆ ಸಮಾನ. ಒಮ್ಮೆ ಇಳಿಸಿದ ಚರಟದ ನೀರಿನಲ್ಲೇ ಮತ್ತೆ ಕಾಫಿ ಮಾಡುವವರು ತಮ್ಮ ಹೊಟ್ಟೆಯನ್ನು ಚರ್ಮ ಹದಮಾಡುವವರ ತೊಟ್ಟಿಯಾಗಿಸಿಕೊಳ್ಳುತ್ತಾರೆಂದು ಹಂಗಿಸುತ್ತಾನೆ. ಬಿಸಿ ನೀರಿಗಿಂತ ತಣ್ಣೀರಿನಲ್ಲಿ ನೆನೆಸಿ ಇಳಿಸಿದ ಕಾಫಿಯ ಶಕ್ತಿ ಹೆಚ್ಚೆಂದು ತೀರ್ಪು ಕೊಡುತ್ತಾನೆ. ನಮ್ಮ ಕಾಲದ ಕಾಫಿ ಮಳಿಗೆಗಳು ತಣ್ಣೀರಿನ ಕಾಫಿಯನ್ನು ಹೊಸತೆಂದು ಮಾರುವುದಕ್ಕೆ ಸುಮಾರು ಒಂದೂ ಮುಕ್ಕಾಲು ಶತಮಾನ ಮೊದಲೇ ಬಂದ ತೀರ್ಪು ಇದು.

ಅವನು ಮೆಚ್ಚಿದ ಪಾತ್ರೆ ದ ಬೆಲ್ಲೋಯ್ ಹೆಸರಿನದು. ಮೇಲಿನ ಅಂತಸ್ತಿನಲ್ಲಿ ಪುಡಿ, ಅದರ ಮೇಲೆ ನೀರು, ಕೆಳಗಿನ ಅಂತಸ್ತಿಗೆ ತೊಟ್ಟಿಕ್ಕುವ ಡಿಕಾಕ್ಷನ್. ದಕ್ಷಿಣ ಭಾರತದ ಅಡುಗೆಮನೆಯ ಫಿಲ್ಟರಿನ ತತ್ತ್ವವೂ ಇದೇ ಆದ್ದರಿಂದ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಈ ಪಾತ್ರೆಯನ್ನು ಪ್ಯಾರಿಸ್ಸಿನ ಆರ್ಚ್‌ಬಿಷಪ್ ಆಗಿದ್ದ ಕಾರ್ಡಿನಲ್ ದ ಬೆಲ್ಲೋಯ್ ಕಂಡುಹಿಡಿದನೆಂಬ ಪ್ರತೀತಿ ಇದೆ. ಬಾಲ್ಜಾಕ್ ಅದನ್ನು ಒಪ್ಪುವುದಿಲ್ಲ. ಕಂಡುಹಿಡಿದವನು ಕಾರ್ಡಿನಲ್ ಅಲ್ಲ, ಅವನ ದಾಯಾದಿ ಎಂದೂ, ಆ ಮನೆತನದ ಹೆಸರನ್ನು ಜನ ತಪ್ಪಾಗಿ ಉಚ್ಚರಿಸುತ್ತಾರೆಂದೂ ಮಾತಿನ ನಡುವೆ ನಿಂತು ತಿದ್ದುತ್ತಾನೆ. ಕಾಫಿ ಪಂಡಿತರನ್ನು ಎಲ್ಲಿದ್ದರೂ ಗುರುತಿಸಲು ಈ ಒಂದು ಲಕ್ಷಣ ಸಾಕು.

ಆದರೆ ಪ್ರಬಂಧ ಮುಂದುವರಿದಂತೆ ಜಂಬದ ದನಿ ಕರಗಿ ಬೇರೊಂದು ದನಿ ಕೇಳತೊಡಗುತ್ತದೆ. ಕಾಫಿಯ ಪ್ರಭಾವ ಬಾಳುವುದು 15ರಿಂದ 20 ದಿನ ಮಾತ್ರ ಎನ್ನುತ್ತಾನೆ. ಸಂಗೀತಗಾರ ರೊಸ್ಸೀನಿಗೂ ಇದೇ ಅನುಭವವಾಗಿತ್ತೆಂದೂ, ಒಂದು ಆಪೆರಾ ರಚಿಸಲು ಪುಣ್ಯವಶಾತ್ ಅಷ್ಟು ದಿನ ಸಾಕಾಗುತ್ತಿತ್ತೆಂದೂ ತಿಳಿಸುತ್ತಾನೆ. ಆಮೇಲೆ ಪ್ರಮಾಣ ಏರಿಸಬೇಕು. ಮೊದಲ ವಾರ ಕುಟ್ಟಿದ ಪುಡಿ, ಮುಂದಿನ ವಾರ ನುಣುಪಾದ ಪುಡಿ, ಅನಂತರ ಪುಡಿ ಹೆಚ್ಚು ನೀರು ಕಡಿಮೆ. ಎಲ್ಲವೂ ಸೋತಾಗ ಕೊನೆಯ ಉಪಾಯ: ಬಹುಪಾಲು ನೀರೇ ಇಲ್ಲದ ತಣ್ಣನೆಯ ಗಟ್ಟಿ ಕಾಫಿಯನ್ನು ಬರಿಹೊಟ್ಟೆಯಲ್ಲಿ ನುಂಗುವುದು. ಆಗ ಹೊಟ್ಟೆಯ ಒಳಪದರ ಉರಿಯುತ್ತದೆ, ನರಗಳು ಸಿಡಿಯುತ್ತವೆ, ವಿಚಾರಗಳು ಯುದ್ಧಭೂಮಿಗೆ ನುಗ್ಗುವ ದಂಡಿನಂತೆ ಬರುತ್ತವೆ ಎಂದು ಅವನು ವರ್ಣಿಸುತ್ತಾನೆ. ದಪ್ಪ ಕಪ್ಪು ಕೂದಲು, ಗಟ್ಟಿ ಮೈಕಟ್ಟು ಉಳ್ಳವರಿಗಲ್ಲದೆ ಬೇರಾರಿಗೂ ಈ ಕ್ರಮ ಹೇಳಿದ್ದಲ್ಲ ಎಂಬ ಎಚ್ಚರಿಕೆಯೂ ಉಂಟು. ತೆಳುಗೂದಲಿನ ಗೆಳೆಯನೊಬ್ಬ ಇದನ್ನು ಪ್ರಯೋಗಿಸಿ ಕಾಯಿಲೆ ಬಿದ್ದ ಕಥೆ ಅದಕ್ಕೆ ದೃಷ್ಟಾಂತ.

ಕಾಫಿಯೊಡನೆ ದೇಹ ಹೊಂದಿಕೊಳ್ಳುತ್ತ ಹೋಗುವ ಈ ಕ್ರಿಯೆಯನ್ನು ಇಂದಿನ ವಿಜ್ಞಾನ ಸರಳವಾಗಿ ವಿವರಿಸುತ್ತದೆ. ದಣಿವಿನ ಸಂದೇಶ ತರುವ ಅಡೆನೊಸಿನ್ ಎಂಬ ರಾಸಾಯನಿಕ ಮಿದುಳಿನಲ್ಲಿ ಕೂರುವ ಜಾಗವನ್ನು ಕೆಫೀನ್ ಆಕ್ರಮಿಸುತ್ತದೆ. ದಣಿವು ಹೋಗುವುದಿಲ್ಲ, ಅದರ ಸುದ್ದಿ ಮಾತ್ರ ತಲುಪುವುದಿಲ್ಲ. ನಿತ್ಯ ಕುಡಿಯುವವನಲ್ಲಿ ಅದೇ ಪ್ರಮಾಣದ ಪರಿಣಾಮ ದಿನೇ ದಿನೇ ಕುಂದುತ್ತದೆ. ಬಾಲ್ಜಾಕನಿಗೆ ಈ ಪರಿಭಾಷೆ ತಿಳಿದಿರಲಿಲ್ಲ, ಲೆಕ್ಕ ಮಾತ್ರ ಚೆನ್ನಾಗಿ ತಿಳಿದಿತ್ತು. 1830ರಲ್ಲೇ ಗಾಬ್ಸೆಕ್ ಎಂಬ ಲೇವಾದೇವಿಗಾರನ ಅಮರ ಪಾತ್ರವನ್ನು ಸೃಷ್ಟಿಸಿದ ಅವನಿಗೆ ಬಡ್ಡಿಯ ಗುಣವನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಕಾಫಿ ಅವನಿಗೆ ಗಂಟೆಗಳನ್ನು ಸಾಲ ಕೊಟ್ಟ ಸಾಹುಕಾರ.

ಕಾದಂಬರಿಗಳಲ್ಲಿ ಕಾಫಿಯ ಜಾತಿ

ತನ್ನ ಕಾಫಿ ಜ್ಞಾನವನ್ನು ಬಾಲ್ಜಾಕ್ ವ್ಯರ್ಥ ಮಾಡಲಿಲ್ಲ. 1833ರ ‘ಯೂಜೆನಿ ಗ್ರಾಂದೆ’ಯಲ್ಲಿ ಪ್ಯಾರಿಸ್ಸಿನ ಸೊಗಸುಗಾರ ಶಾರ್ಲ್ ಹಳ್ಳಿಗಾಡಿನ ಜಿಪುಣ ದೊಡ್ಡಪ್ಪನ ಮನೆಗೆ ಬರುತ್ತಾನೆ. ಅಲ್ಲಿ ಕಾಫಿ ಎಂದರೆ ಕುದಿಸಿದ ಕಾಫಿ. ಅದನ್ನು ಕಂಡು ಹುಬ್ಬೇರಿಸುವ ಶಾರ್ಲ್ ಒಳ್ಳೆಯ ಪಾತ್ರೆಯೊಂದನ್ನು ತರಿಸಿ ಕಾಫಿ ಮಾಡುವ ವಿಧಾನವನ್ನು ಉಪದೇಶಿಸತೊಡಗುತ್ತಾನೆ. ಮನೆಯ ಆಳು ನಾನೋಂಗೆ ಅಷ್ಟೊಂದು ಕಟ್ಟುಪಾಡು ಕೇಳಿಯೇ ಸುಸ್ತು. ಅದಕ್ಕಾಗಿ ಇಡೀ ಜನ್ಮ ಸವೆಸಬೇಕಾದೀತೆಂದು ಅವಳ ಗೊಣಗಾಟ. ಕಾಫಿ ಪಂಡಿತನನ್ನು ಇಷ್ಟು ಹಗುರವಾಗಿ ಇಳಿಸಿದ ಕೈ ಸ್ವತಃ ಕಾಫಿ ಪಂಡಿತನದೇ ಎಂಬುದು ಗಮನಿಸತಕ್ಕದ್ದು.

1841ರ ‘ಉರ್ಸುಲ್ ಮಿರುವೇ’ ಕಾದಂಬರಿಯ ವೃದ್ಧ ವೈದ್ಯನ ಮನೆಯಲ್ಲಿ ಬೆಳ್ಳಿಯ ಪಾತ್ರೆಯಿಂದ ಇಳಿಯುವ ಕಾಫಿ ಮೋಕಾ, ಬೂರ್ಬೋನ್, ಮಾರ್ಟಿನೀಕ್‌ಗಳ ಮಿಶ್ರಣ. ಅಂದರೆ ಲೇಖಕನದೇ ಸ್ವಂತ ಹದ. ‘ರೈತರು’ ಕಾದಂಬರಿಯ ಸಣ್ಣ ಊರಿನ ಹೋಟೆಲಿನವನಾದರೋ ಕಂದು ಬಣ್ಣದ ದೊಡ್ಡ ಗಡಿಗೆಯಲ್ಲಿ ಚಿಕೋರಿ ಬೆರೆತ ಪುಡಿಯನ್ನು ಸುಮ್ಮನೆ ಕುದಿಸುತ್ತಾನೆ. ನೆಲಕ್ಕೆ ಬಿದ್ದರೂ ಒಡೆಯದಷ್ಟು ದಪ್ಪ ಕಪ್ಪಿನಲ್ಲಿ ಅದನ್ನು ಗಂಭೀರವಾಗಿ ತಂದಿಡುತ್ತಾನೆ. ಕಪ್ಪಿನೊಳಗೆ ಇಣುಕಿದರೆ ಮನೆಯವರ ಅಂತಸ್ತು ಕಾಣುತ್ತದೆ ಎಂಬುದು ಬಾಲ್ಜಾಕನ ನಂಬಿಕೆ. ಬಟ್ಟೆ, ಪೀಠೋಪಕರಣ, ಊಟದ ಮೇಜು, ಸಾಲದ ಪತ್ರ ಇವೆಲ್ಲವುಗಳಿಂದ ಮನುಷ್ಯನನ್ನು ಓದುವ ಈ ವಿಧಾನದಿಂದಲೇ ಸುಮಾರು 90 ಕೃತಿಗಳ, 2,000ಕ್ಕೂ ಮಿಕ್ಕ ಪಾತ್ರಗಳ ‘ಮಾನವ ಪ್ರಹಸನ’ ಬೆಳೆಯಿತು.

ಮಾತಿನ ಮೋಡಿಯಲ್ಲಂತೂ ಅವನನ್ನು ಮೀರಿಸುವವರಿರಲಿಲ್ಲ. ಗೊಜ್ಲಾನ್ ಹೇಳುವ ಇನ್ನೊಂದು ಪ್ರಸಂಗ ಚಹಾಕ್ಕೆ ಸಂಬಂಧಿಸಿದ್ದು. ಗೆಳೆಯರಿಗೆ ಅಪರೂಪದ ಚಹಾ ಕೊಡುವ ಮುನ್ನ ಬಾಲ್ಜಾಕ್ ಅದರ ಪುರಾಣ ಬಿಚ್ಚುತ್ತಿದ್ದ. ಚೀನಾದ ಚಕ್ರವರ್ತಿಗಾಗಿ ಕನ್ಯೆಯರು ಸೂರ್ಯೋದಯಕ್ಕೆ ಮುನ್ನ ಕೊಯ್ದ ಎಲೆಯಂತೆ. ಕಾರವಾನಿನಲ್ಲಿ ರಷ್ಯಾದ ಚಕ್ರವರ್ತಿಗೆ ಬಂದದ್ದಂತೆ. ಅಲ್ಲಿಂದ ಮಂತ್ರಿಯೊಬ್ಬನ ಮೂಲಕ ತನಗೆ ದಕ್ಕಿದ್ದಂತೆ. ಅದನ್ನು ಮೂರು ಬಾರಿ ಕುಡಿದವನ ಒಂದು ಕಣ್ಣು, ಆರು ಬಾರಿ ಕುಡಿದವನ ಎರಡೂ ಕಣ್ಣು ಹೋಗುವುದಂತೆ. ಗೆಳೆಯನೊಬ್ಬ ಒಂದು ಕಣ್ಣನ್ನು ಪಣಕ್ಕಿಟ್ಟು ಕುಡಿಯಲು ಮುಂದಾಗುತ್ತಿದ್ದ. ಎಲ್ಲರಿಗೂ ನಗು, ಹೇಳಿದವನಿಗೆ ಮಾತ್ರ ತನ್ನ ಕಥೆಯಲ್ಲಿ ಅರ್ಧಕ್ಕರ್ಧ ನಂಬಿಕೆ.

ಮೂರು ಬೀಜಗಳ ಹಿಂದಿನ ನೆಲ

ಬಾಲ್ಜಾಕ್ ಹೆಸರು ಹಿಡಿದು ಕೊಳ್ಳುತ್ತಿದ್ದ ಮೂರು ಕಾಫಿಗಳ ಮೂಲ ಒಂದೇ: ಅರಬ್ಬೀ ನಾಡಿನ ಯೆಮನ್. ಮೋಕಾ ಅಲ್ಲಿಯ ಬಂದರು. ಹಿಂದೂ ಮಹಾಸಾಗರದ ಬೂರ್ಬೋನ್ ದ್ವೀಪಕ್ಕೆ ಫ್ರೆಂಚರು 1715ರಲ್ಲಿ ಯೆಮನಿನಿಂದಲೇ ಗಿಡಗಳನ್ನು ಒಯ್ದರು. ಮಾರ್ಟಿನೀಕಿನ ದಾರಿ ಇನ್ನೂ ಸುತ್ತು. 17ನೇ ಶತಮಾನದ ಕೊನೆಯಲ್ಲಿ ಡಚ್ಚರು ಭಾರತದ ಮಲಬಾರ್ ಕರಾವಳಿಯಿಂದ ಸಸಿಗಳನ್ನು ಜಾವಾಕ್ಕೆ ಸಾಗಿಸಿದರು. ಜಾವಾದಿಂದ ಒಂದು ಗಿಡ ಆಮ್‌ಸ್ಟರ್‌ಡಾಮಿಗೆ, ಅದರ ಸಂತಾನ ಪ್ಯಾರಿಸ್ಸಿನ ರಾಜೋದ್ಯಾನಕ್ಕೆ, ಅಲ್ಲಿಂದ 1720ರ ದಶಕದಲ್ಲಿ ದ ಕ್ಲಿಯು ಎಂಬ ಸೈನ್ಯಾಧಿಕಾರಿಯ ಕೈಯಲ್ಲಿ ಮಾರ್ಟಿನೀಕಿಗೆ. ಮೋಕಾದಿಂದ ಏಳು ಬೀಜ ತಂದು ಚಿಕ್ಕಮಗಳೂರಿನ ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದ ಬಾಬಾ ಬುಡನ್ನರ ಐತಿಹ್ಯಕ್ಕೂ ಮಲಬಾರಿನ ಆ ಸಸಿಗಳಿಗೂ ನಂಟು ಕಲ್ಪಿಸುವ ಪರಂಪರೆಯಿದೆ. ಹಾಗಿದ್ದಲ್ಲಿ ಪ್ಯಾರಿಸ್ಸಿನ ಆ ನಡುರಾತ್ರಿಯ ಕಪ್ಪಿನಲ್ಲಿ ಸಹ್ಯಾದ್ರಿಯ ದೂರದ ಬಂಧುವೊಂದು ಸೇರಿಕೊಂಡಿತ್ತು.

ಆ ಕಪ್ಪಿನಲ್ಲಿ ಸೇರಿದ್ದ ಇನ್ನೊಂದನ್ನೂ ಮರೆಯುವಂತಿಲ್ಲ. ಬೂರ್ಬೋನ್ ಮತ್ತು ಮಾರ್ಟಿನೀಕ್ ಎರಡೂ ಗುಲಾಮರು ದುಡಿಯುತ್ತಿದ್ದ ಫ್ರೆಂಚ್ ವಸಾಹತುಗಳು. ಅಲ್ಲಿ ಗುಲಾಮಗಿರಿ ರದ್ದಾದದ್ದು 1848ರಲ್ಲಿ, ಬಾಲ್ಜಾಕ್ ಸಾಯುವುದಕ್ಕೆ ಎರಡು ವರ್ಷ ಮೊದಲು. ಅವನ ಕಾಫಿ ಶಾಸ್ತ್ರ ನಡೆಯುವುದು ಪಾತ್ರೆಯಿಂದ ಹೊಟ್ಟೆಗೆ, ಹೊಟ್ಟೆಯಿಂದ ಮಿದುಳಿಗೆ. ಅಂಗಡಿಯ ಬೀದಿಯ ಹೆಸರು ಬಲ್ಲ ರಸಿಕನ ದೃಷ್ಟಿ ಬೀಜ ಬಿಡಿಸಿದ ಕೈಯವರೆಗೆ ಹೋಗಲಿಲ್ಲ. ರಾತ್ರಿಯನ್ನು ತಾನೇ ಒತ್ತೆಯಿಟ್ಟು ದುಡಿದವನ ಬರಹದಲ್ಲಿ, ಹಗಲೂ ರಾತ್ರಿಯೂ ತಮ್ಮದಲ್ಲದವರ ದುಡಿಮೆ ಹೀಗೆ ಬರಿಯ ಹೆಸರಾಗಿ ಉಳಿಯಿತು.

ಲೆಕ್ಕ ಚುಕ್ತಾ

ಸಾಲಗಾರರಿಂದ ತಪ್ಪಿಸಿಕೊಳ್ಳಲು ಬಾಲ್ಜಾಕ್ 1840ರಲ್ಲಿ ಪ್ಯಾರಿಸ್ಸಿನ ಅಂಚಿನ ಪಾಸಿಗೆ ಮನೆ ಬದಲಿಸಿದ. ಬಾಡಿಗೆ ಕರಾರು ಮನೆಗೆಲಸದವಳ ಹೆಸರಿನಲ್ಲಿ. ಇಳಿಜಾರಿನ ಮೇಲಿದ್ದ ಆ ಮನೆಗೆ ಎರಡು ಬೀದಿಗಳಿಗೆ ತೆರೆಯುವ ಎರಡು ಬಾಗಿಲು. ಒಂದರಲ್ಲಿ ಅಮೀನ ಬಂದರೆ ಇನ್ನೊಂದರಲ್ಲಿ ಜಾರಬಹುದಿತ್ತು. ಸಂಕೇತ ಪದ ಹೇಳದವರಿಗೆ ಒಳಗೆ ಪ್ರವೇಶವಿರಲಿಲ್ಲವೆಂದು ಗೆಳೆಯರು ನೆನೆದಿದ್ದಾರೆ. ‘ಸೋದರಿ ಬೆತ್’, ‘ಸೋದರ ಪೋನ್ಸ್’ನಂಥ ಪ್ರೌಢ ಕೃತಿಗಳು ಹುಟ್ಟಿದ್ದು ಈ ಮನೆಯ ಪುಟ್ಟ ಮೇಜಿನ ಮೇಲೆ. ಅಮೀನನಿಗೆ ಎರಡನೆಯ ಬಾಗಿಲು ತೋರಿಸಬಹುದಿತ್ತು. ಕಾಫಿಯೆಂಬ ಸಾಹುಕಾರ ಮಾತ್ರ ಮನೆಯೊಳಗೇ ಇದ್ದ.

1832ರಲ್ಲಿ ಒಡೆಸ್ಸಾದಿಂದ ಬಂದ ಅನಾಮಧೇಯ ಪತ್ರವೊಂದರಿಂದ ಅವನ ಬದುಕಿನ ದೊಡ್ಡ ಪ್ರೇಮ ಆರಂಭವಾಗಿತ್ತು. ಬರೆದವಳು ಪೋಲಿಷ್ ಜಮೀನುದಾರನ ಪತ್ನಿ ಎವೆಲೀನಾ ಹಾನ್ಸ್ಕಾ. 1833ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಭೇಟಿ. 1841ರಲ್ಲಿ ಅವಳ ಗಂಡನ ಸಾವು. ಆಮೇಲೂ ವರ್ಷಗಟ್ಟಲೆ ಕಾಯುವಿಕೆ. ಅವಳಿಗೆ ಬರೆದ ನೂರಾರು ಪತ್ರಗಳಲ್ಲಿ ಪ್ರೇಮ ಮತ್ತು ಸಾಲದ ಜೊತೆಗೆ ಕಾಫಿಯೂ ಇದೆ. ಕಾಫಿ ಮೊದಲಿನಂತೆ ಕೆಲಸ ಮಾಡುತ್ತಿಲ್ಲ, ಅದರ ಬಲ ಬೇಗ ಇಳಿದುಹೋಗುತ್ತದೆ, ಹೊಟ್ಟೆಯಲ್ಲಿ ಸಂಕಟ ಎಂಬ ದೂರುಗಳು ವರ್ಷ ಕಳೆದಂತೆ ದಟ್ಟವಾಗುತ್ತವೆ. ಪಂಡಿತನ ಮಾತು ಅಲ್ಲಿಲ್ಲ. ಕೂಲಿಯವನೊಬ್ಬ ತನ್ನ ಸವೆದ ಹತಾರದ ಬಗ್ಗೆ ಆಡುವ ಮಾತು ಅದು.

1850ರ ಮಾರ್ಚ್ 14ರಂದು ಉಕ್ರೇನಿನ ಬೆರ್ದಿಚೇವ್ ಊರಿನಲ್ಲಿ ಇಬ್ಬರ ಮದುವೆಯಾಯಿತು. ಆ ವೇಳೆಗೆ ಬಾಲ್ಜಾಕನ ಹೃದಯ ದುರ್ಬಲವಾಗಿತ್ತು, ದೃಷ್ಟಿ ಮಂದವಾಗಿತ್ತು, ನಾಲ್ಕು ಮೆಟ್ಟಿಲು ಹತ್ತಿದರೆ ಉಸಿರು ಕಟ್ಟುತ್ತಿತ್ತು. ವಧುವಿಗಾಗಿ ವರ್ಷಗಟ್ಟಲೆ ಸಿಂಗರಿಸಿದ್ದ ಪ್ಯಾರಿಸ್ಸಿನ ಮನೆಗೆ ಇಬ್ಬರೂ ಬಂದು ಸೇರಿದರು. ಅದೇ ವರ್ಷ ಆಗಸ್ಟ್ 18ರ ರಾತ್ರಿ ಅವನು ತೀರಿಕೊಂಡ. ವಯಸ್ಸು 51, ದಾಂಪತ್ಯ ಐದು ತಿಂಗಳು. ಕೊನೆಯ ಹೊತ್ತಿನಲ್ಲಿ ನೋಡಲು ಬಂದಿದ್ದ ವಿಕ್ಟರ್ ಹ್ಯೂಗೋ ಪೆರ್ ಲಾಶೇಸ್ ಸ್ಮಶಾನದಲ್ಲಿ ಅವನಿಗೆ ಶ್ರದ್ಧಾಂಜಲಿ ಸಲ್ಲಿಸಿದ. ಬಹುಕಾಲದ ಹೃದ್ರೋಗವನ್ನು ರಾತ್ರಿಯ ದುಡಿಮೆ ಮತ್ತು ಅತಿಯಾದ ಕಾಫಿ ಉಲ್ಬಣಗೊಳಿಸಿದವೆಂಬುದು ಅವನ ವೈದ್ಯ ನಕ್ಕಾರನ ಅಭಿಪ್ರಾಯ. ಸಾವಿಗೆ ಕಾಫಿಯೊಂದೇ ಕಾರಣವೆಂದು ಇಂದು ಯಾವ ವೈದ್ಯನೂ ಹೇಳಲಾರ. ಆದರೆ ನಿದ್ದೆಯಿಲ್ಲದ ಸಾವಿರಾರು ರಾತ್ರಿಗಳನ್ನು ಸಾಧ್ಯವಾಗಿಸಿದ್ದು ಯಾವುದು ಎಂಬ ಬಗ್ಗೆ ಸಂದೇಹವಿಲ್ಲ.

ಪಾಸಿಯ ಆ ಮನೆ ಈಗ ಬಾಲ್ಜಾಕ್ ವಸ್ತುಸಂಗ್ರಹಾಲಯ. ಅವನ ಹೆಸರಿನ ಮೊದಲಕ್ಷರಗಳನ್ನು ಬರೆದ ಪಿಂಗಾಣಿಯ ಕಾಫಿ ಪಾತ್ರೆ ಅಲ್ಲಿದೆ. ಅಂದವಾದ, ಪುಟ್ಟ, ನಿರುಪದ್ರವಿಯಂತೆ ಕಾಣುವ ಪಾತ್ರೆ. ಶಿಲ್ಪಿ ರೋದೇನ್ 1898ರಲ್ಲಿ ಪ್ರದರ್ಶಿಸಿದ ಬಾಲ್ಜಾಕನ ಪ್ರತಿಮೆಯೂ ಅವನ ರಾತ್ರಿಯ ನಿಲುವಂಗಿಯದೇ ರೂಪ; ಅದನ್ನು ಮಾಡಿಸಿದ ಲೇಖಕರ ಸಂಘವೇ ಅಂದು ತಿರಸ್ಕರಿಸಿತು, 1939ರಲ್ಲಿ ಅದು ಪ್ಯಾರಿಸ್ಸಿನ ಬೀದಿಯಲ್ಲಿ ನಿಂತಿತು.

ಕಾಫಿಯ ಬಗ್ಗೆ ಜಂಬದಿಂದ ಮಾತನಾಡಲು ಬಿಡುವು ಬೇಕು, ನಾಲಗೆ ಬೇಕು, ತಕ್ಕಮಟ್ಟಿಗೆ ಹಣವೂ ಬೇಕು. ಬಾಲ್ಜಾಕನಿಗಿದ್ದದ್ದು ನಾಲಗೆಯೊಂದೇ. ಬಿಡುವಿಲ್ಲದೆ, ಹಣವಿಲ್ಲದೆ ಅವನು ಆಡಿದ ಕಾಫಿಯ ಮಾತು ರಸಿಕತೆಯಂತೆ ಕೇಳಿಸಿದರೂ ಅದರೊಳಗಿದ್ದದ್ದು ಹೊತ್ತಿನ ಲೆಕ್ಕ. ಸಾಹುಕಾರ ಕೊಟ್ಟ ಗಂಟೆಗಳಿಂದ ಒಂದು ಇಡೀ ಸಮಾಜದ ಚರಿತ್ರೆ ಕಾದಂಬರಿಗಳ ರೂಪದಲ್ಲಿ ಉಳಿಯಿತು. ಬಡ್ಡಿಯನ್ನು ಅವನ ದೇಹ ಕಟ್ಟಿತು. ಆ ವ್ಯವಹಾರದಲ್ಲಿ ಲಾಭ ಪಡೆದವರು ಓದುಗರು.